ನೆತ್ತಿಯ ಎಣ್ಣೆ

ಲ್ಯಾಟೆಕ್ಸ್ ಮುಖವಾಡ ತೊಳೆಯಲು ಬಿಸಿ ನೀರು ಆಗುವುದಿಲ್ಲ. ಕೈಗೆ ತಣ್ಣಗೂ ಅಲ್ಲ, ಬೆಚ್ಚಗೂ ಅಲ್ಲ ಅನಿಸುವ ನೀರು ಬೇಕು. ಅದಕ್ಕೆ ಮಕ್ಕಳ ಶಾಂಪೂ ಒಂದು ತೊಟ್ಟು. ಹತ್ತಿಯಿಂದ ಒತ್ತಬೇಕು, ತಿಕ್ಕಬಾರದು. ತಿಕ್ಕಿದರೆ ಬಣ್ಣ ಏಳುತ್ತದೆ. ಮೊದಲು ಒಳಗಡೆ, ಆಮೇಲೆ ಹೊರಗಡೆ. ಹಾಕಿಕೊಂಡವರ ಬೆವರು ಒಳಗಿರುತ್ತದೆ. ಕೆಡಿಸುವುದು ಅದೇ.

ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಚಿದಾನಂದ ತೊಳೆಯುತ್ತಿದ್ದರೆ ನಾನು ಪಕ್ಕದಲ್ಲಿ ಕುಳಿತು ಕಾಲೇಜಿನ ಪೇಪರು ತಿದ್ದುತ್ತಿದ್ದೆ. ನೋಡಿದ್ದು ಕೈಯಲ್ಲಿ ಉಳಿದಿತ್ತು.

ಚಿದಾನಂದ ನನ್ನ ಗಂಡ. ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರು. ನಮ್ಮ ಮನೆ ಬನಹಟ್ಟಿಯಲ್ಲಿ, ಮಗ್ಗಗಳ ಓಣಿಯಲ್ಲಿ. ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದರು. ಹೋದ ಕಬ್ಬಿನ ಹಂಗಾಮಿನಲ್ಲಿ, ದೀಪವಿಲ್ಲದೆ ರಸ್ತೆ ಬದಿಗೆ ನಿಂತಿದ್ದ ಟ್ರೇಲರಿಗೆ ಹಿಂದಿನಿಂದ ಹೋಗಿ ಹೊಡೆದರು. ಕತ್ತಲಾಗುವ ಹೊತ್ತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಅವರಿಗೆ ಮುಖವಾಡದ ಹುಚ್ಚು. ಕಟ್ಟಿಗೆಯದಲ್ಲ, ಕಾಗದದ್ದಲ್ಲ. ತಲೆಯ ಮೇಲಿಂದ ಕುತ್ತಿಗೆಯವರೆಗೆ ಇಳಿಸಿಕೊಳ್ಳುವ ರಬ್ಬರಿನದು. ಒಳಗಿನವರು ಮಾತಾಡಿದರೆ ಹೊರಗಿನ ತುಟಿ ಅಲುಗಬೇಕು. ಮುಧೋಳದ ಕಡೆ ಮುಚ್ಚಿಹೋದ ಒಂದು ನಾಟಕ ಕಂಪನಿಯ ರಾಕ್ಷಸ, ಪುಣೆಯ ಸಂಗ್ರಾಹಕರೊಬ್ಬರಿಂದ ತಂದ ಮೂಗಿನ ಮೇಲೆ ನರೂಲಿ ಇರುವ ವಿದೇಶಿ ಮುದುಕ, ಒಂದು ಮಂಗ, ಹೈದರಾಬಾದಿನವರ ಜೊತೆ ಅದಲುಬದಲು ಮಾಡಿಕೊಂಡ ನಗುವ ಜೋಕರ್. ಮೇಲಿನ ಕೋಣೆಯ ತುಂಬ ಇವು. ನೂಲು ಸುತ್ತುವ ಪ್ಲಾಸ್ಟಿಕ್ ಕೋನುಗಳನ್ನು ಹಲಗೆಗೆ ಜಡಿದು, ಒಂದೊಂದು ಕೋನಿನ ಮೇಲೆ ಒಂದೊಂದು ತಲೆ ಕೂರಿಸಿದ್ದರು. ಮಗ್ಗದ ಶೆಡ್ಡಿನ ಕಡೆಯ ಕಿಟಕಿಯನ್ನು ಸಿಮೆಂಟು ಹಾಕಿ ಮುಚ್ಚಿಸಿದ್ದರು. ಮೋಟಾರಿನ ಕಿಡಿಯಿಂದ ಹುಟ್ಟುವ ಓಝೋನು ರಬ್ಬರನ್ನು ಸೀಳುತ್ತದೆ ಎಂದು ನಾನೇ ಹೇಳಿದ್ದೆ. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವಳು. ಅವರು ನನ್ನ ಮಾತು ಕೇಳಿ ಮಾಡಿದ ಕೆಲಸಗಳಲ್ಲಿ ಅದೊಂದು.

ಅವರು ಹೋದ ಮೇಲೆ ಹೋಳಿ ಬಂತು. ಪ್ರತಿ ವರ್ಷ ಸೋಗು ಹಾಕುವವರು ನಮ್ಮ ಮನೆಗೆ ಬಂದು ಮುಖವಾಡ ಒಯ್ಯುತ್ತಿದ್ದರು. ಆ ಸಲ ಮುಧೋಳದಿಂದ ಜ್ಞಾನೇಶ್ವರ ಬಂದ. ಅವನದು ನಾಟಕದ ಡ್ರೆಸ್ಸು, ಬಣ್ಣ ಬಾಡಿಗೆಗೆ ಕೊಡುವ ಅಂಗಡಿ. ಇವರ ಜೊತೆ ಕಲಿತವನು. ಬಾಗಿಲಲ್ಲಿ ನಿಂತು, "ವೈನಿ, ನಾ ಏನೂ ಕೇಳಾಕ ಬಂದಿಲ್ಲ. ಹಂಗ ಬಂದೆ" ಎಂದ. ನಾನು ಒಳಗೆ ಹೋಗಿ ಮೇಲಿನ ಕೋಣೆಯ ಕೀಲಿ ತಂದು ಅವನ ಕೈಯಲ್ಲಿ ಇಟ್ಟೆ. ಬೇಡ ಅನ್ನಲು ಕಾರಣ ಹುಡುಕಬೇಕಿತ್ತು. ಕೊಡುವುದು ಸುಲಭ.

ಹಬ್ಬದ ಮೇಲೆ ಒಂದು ಚೀಲದಲ್ಲಿ ವಾಪಸು ಬಂದವು. ರಾಕ್ಷಸನ ಗಲ್ಲ ಗುಲಾಬಿಯಾಗಿತ್ತು. ಮಂಗನ ಒಳಗೆ ಬೆವರು ಉಪ್ಪುಗಟ್ಟಿತ್ತು.

"ಅವ ಇದ್ದಿದ್ರ ನನ್ನ ಬೈತಿದ್ದ" ಎಂದ ಜ್ಞಾನೇಶ್ವರ. "ನೀವರ ಬೈರಿ ವೈನಿ."

ನಾನು ಬೈಯಲಿಲ್ಲ. ಮರುದಿನ ಬಕೆಟ್ಟಿನಲ್ಲಿ ನೀರು ತೆಗೆದುಕೊಂಡೆ. ಹಾಗೆ ಶುರುವಾಯಿತು.

ಕಾಲೇಜಿನಿಂದ ಬಂದು ಒಂದು ತಲೆ ತೊಳೆಯುತ್ತಿದ್ದೆ. ಮೆತ್ತನೆಯ ಬಟ್ಟೆಯಿಂದ ನೀರು ಹೀರಿಸಿ, ನೆರಳಲ್ಲಿ ಗಾಳಿಗಿಟ್ಟು, ಒಣಗಿದ ಮೇಲೆ ಒಳಗೆ ವಾಸನೆಯಿಲ್ಲದ ಪೌಡರು ಹಾಕುತ್ತಿದ್ದೆ. ಆಕಾರ ಕೆಡದಂತೆ ಬಿಳಿ ನೂಲಿನ ವೇಸ್ಟು ತುಂಬುತ್ತಿದ್ದೆ. ಬಣ್ಣದ ನೂಲು ಆಗುವುದಿಲ್ಲ, ಬಣ್ಣ ಬಿಡುತ್ತದೆ. ವೇಸ್ಟು ಕೊಡುವವಳು ಪಕ್ಕದ ಮನೆಯ ಸಾವಕ್ಕ. ಅವಳ ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿ ಅವಳದು, ಮಗ್ಗ ನಿಂತಾಗಲೂ ಅಷ್ಟೇ ಜೋರು.

"ದಾನವ್ವಾ, ಇವತ್ತ ಯಾರ ಮಾರಿ ತೊಳ್ಯಾಕತ್ತೀ?"

"ರಾಕ್ಷಸಂದು."

"ನಮ್ಮ ಮನಿಯಾಂವಂದೂ ಒಂದ ಸಲ ತೊಳದ ಕೊಡ ನಮ್ಮವ್ವಾ. ಕೋಡ ಇಲ್ಲ ಅನ್ನೂದ ಒಂದ ಬಿಟ್ರ ಉಳದದ್ದೆಲ್ಲಾ ಹಂಗ ಐತಿ."

ಅಡಿಗೆ ಮನೆಯಿಂದ ನಮ್ಮ ಅತ್ತೆ ತಂಗೆವ್ವ ನಗದೆ ಹೇಳಿದರು: "ಕೋಡ ಇಲ್ಲಂತ ಯಾರ ಹೇಳ್ಯಾರ ನಿನಗ? ರುಮಾಲ ತಗಸಿ ನೋಡೀ ಏನ?"

ಅತ್ತೆ ನಗುವುದನ್ನು ಬಿಟ್ಟಿದ್ದರು. ನಗಿಸುವುದು ರೂಢಿಯಿಂದ ಉಳಿದಿತ್ತು. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅದಕ್ಕೆ ಎಣ್ಣೆ ಒತ್ತಿ ನೀರೆರೆಯಲು ಇವರನ್ನೇ ಕರೆಯುತ್ತಿದ್ದರು. ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯಲ್ಲಿ ಬೆನ್ನು ತೀಡುವುದು ನೋಡಿದ್ದೇನೆ. ಅಳುವ ಕೂಸು ಅಲ್ಲೇ ನಿದ್ದೆ ಹೋಗುತ್ತಿತ್ತು. ಆ ಎಣ್ಣೆಯ ವಾಸನೆ ಅವರ ಸೆರಗಿನಲ್ಲಿ, ಹಾಸಿಗೆಯಲ್ಲಿ, ಮನೆಯ ಬಾಗಿಲ ಹಿಡಿಕೆಯಲ್ಲೂ ಇರುತ್ತಿತ್ತು.

ಮೇಲಿನ ಕೋಣೆಗೆ ಅವರು ಬರುತ್ತಿರಲಿಲ್ಲ. ಮೊಣಕಾಲು ಹಿಡಿದಿದ್ದವು. ಮೆಟ್ಟಿಲು ಕಂಡರೆ ಅಲ್ಲಿಂದಲೇ ಕೈ ಮುಗಿಯುತ್ತಿದ್ದರು.

ಒಂದು ಮುಖವಾಡವನ್ನು ನಾನು ಜ್ಞಾನೇಶ್ವರನಿಗೆ ಕೊಟ್ಟಿರಲಿಲ್ಲ. ಯಾರಿಗೂ ತೋರಿಸಿರಲಿಲ್ಲ. ಅದು ಕಪಾಟಿನಲ್ಲಿತ್ತು.

ಮದುವೆಯಾದ ವರ್ಷ ಚಿದಾನಂದ ತಮ್ಮದೇ ತಲೆಯ ಅಚ್ಚು ತೆಗೆಸಿಕೊಂಡಿದ್ದರು. ಹೊರಸಿನ ಮೇಲೆ ಮಲಗಿ, ಮೂಗಿನಲ್ಲಿ ಎರಡು ಕೊಳವೆ ಇಟ್ಟುಕೊಂಡು, ಜ್ಞಾನೇಶ್ವರನಿಂದ ಮುಖಕ್ಕೆ ಪ್ಲಾಸ್ಟರು ಹಾಕಿಸಿಕೊಂಡರು. ಮಾತಾಡುವಂತಿಲ್ಲ. ಸರಿ ಇದ್ದೇನೆ ಎಂದು ಹೇಳಲು ನನ್ನ ಬೆರಳು ಒತ್ತುತ್ತಿದ್ದರು. ಆ ಅಚ್ಚಿನಿಂದ ಅವರ ಮುಖ ಬಂತು. ಎಡ ಹುಬ್ಬಿನ ತುದಿಯಲ್ಲಿ ಕೂದಲಿಲ್ಲದ ಸಣ್ಣ ಜಾಗ, ಕೆಳತುಟಿಯ ಕೆಳಗಿನ ತಗ್ಗು, ಒಂದು ಕಡೆ ಹೆಚ್ಚು ಇಳಿದ ಕಿವಿ. ಎಲ್ಲ ಬಂತು. ತಲೆಗೆ ಕೂದಲು ನೆಡುವುದು ಮಾತ್ರ ಉಳಿಯಿತು. ಒಂದೊಂದೇ ಎಳೆ ಸೂಜಿಯಿಂದ ನೆಡಬೇಕು, ರಜೆಯಲ್ಲಿ ಮಾಡುತ್ತೇನೆ ಎನ್ನುತ್ತಿದ್ದರು. ಹಾಗಾಗಿ ಮುಖ ಅವರದು, ನೆತ್ತಿ ಬೋಳು. ಬಿಡಿಸುವಾಗ ಅಚ್ಚು ಒಡೆದುಹೋಗಿತ್ತು. ಅದರ ಚೂರುಗಳನ್ನು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಹಾಕಿ ಕಲ್ಲು ಸಮ ಮಾಡಿದ್ದರು.

"ಇನ್ನೊಂದು ಮಾಡಾಕ ಬರೂದಿಲ್ಲೇನ್ರಿ?" ಎಂದು ಕೇಳಿದ್ದೆ.

"ನನ್ನಂಥವ ಒಬ್ಬ ಸಾಕಾಗೂದಿಲ್ಲೇನ ನಿನಗ?" ಎಂದಿದ್ದರು.

ಬೇರೆ ಮುಖವಾಡಗಳನ್ನು ದೀಪಾವಳಿ ಆದ ಮೇಲೆ ಜ್ಞಾನೇಶ್ವರ ಮುಧೋಳಕ್ಕೆ ಒಯ್ಯುವುದೆಂದು ಮಾತಾಗಿತ್ತು. ನಮ್ಮ ಮೇಲಿನ ಕೋಣೆ ಬೇಸಿಗೆಯಲ್ಲಿ ಒಲೆಯಾಗುತ್ತದೆ. ಅವನ ಅಂಗಡಿಯ ಹಿಂದೆ ತಂಪಾದ ಕೋಣೆ ಇದೆ. ಅವು ಹೋಗುವುದರ ಬಗ್ಗೆ ನನಗೆ ಏನೂ ಅನಿಸಿರಲಿಲ್ಲ. ಈ ಒಂದು ಕೆಡದೆ ಉಳಿಯಬೇಕು. ಅಷ್ಟೇ ಬೇಕಿತ್ತು. ಫೋಟೋಗಳಿವೆ, ಮೊಬೈಲಿನಲ್ಲಿ ವಿಡಿಯೋ ಇವೆ. ಆದರೆ ಅವುಗಳಲ್ಲಿ ಅವರ ಕಿವಿಯ ಹಿಂದಿನ ಭಾಗ ಇಲ್ಲ. ನಾನು ನೋಡಿ ನೋಡಿ ಒಂದು ದಿನ ಅವರ ಮುಖ ನೆನಪಿಸಿಕೊಳ್ಳಲು ಹೋದರೆ ಫೋಟೋ ನೆನಪಾಯಿತು, ಮುಖ ನೆನಪಾಗಲಿಲ್ಲ. ಆ ದಿನ ಕಪಾಟು ತೆರೆದೆ.

ಅಮಾವಾಸ್ಯೆಗೊಮ್ಮೆ ತೆರೆಯುತ್ತಿದ್ದೆ. ಆ ದಿನ ಓಣಿಯ ಮಗ್ಗಗಳಿಗೆ ರಜೆ, ಗಾಳಿಯಲ್ಲಿ ನೂಲಿನ ಧೂಳಿರುವುದಿಲ್ಲ. ಅತ್ತೆ ಮಠಕ್ಕೆ ಹೋಗಿರುತ್ತಿದ್ದರು. ಬಾಗಿಲು ಹಾಕಿಕೊಂಡು, ಮುಖವಾಡ ಹೊರಗೆ ತೆಗೆದು, ಮೆತ್ತನೆಯ ಕುಂಚದಿಂದ ಧೂಳು ಒರೆಸಿ, ಹಳೆಯ ವೇಸ್ಟು ತೆಗೆದು ಹೊಸದು ತುಂಬಿ, ಮತ್ತೆ ಇಡುತ್ತಿದ್ದೆ. ಮಾತಾಡುತ್ತಿರಲಿಲ್ಲ. ಅಳು ಬರುತ್ತಿರಲಿಲ್ಲ. ಕೆಲಸ ಮುಗಿಸಿ ಕೆಳಗಿಳಿದು ಅಕ್ಕಿ ಆರಿಸುತ್ತಿದ್ದೆ.

ನಾಗರ ಅಮಾವಾಸ್ಯೆಗೆ ನೋಡಿದಾಗ ನೆತ್ತಿ ಹೊಳೆಯುತ್ತಿತ್ತು. ಹೋದ ಬೇಸಿಗೆಯ ಕಾವು ತಾಗಿರಬೇಕು ಎಂದುಕೊಂಡೆ. ಶ್ರಾವಣ ಮುಗಿಯುವ ಅಮಾವಾಸ್ಯೆಗೆ ಬೆರಳಿಟ್ಟರೆ ಬೆರಳು ಅಂಟಿತು. ನೆತ್ತಿಯ ರಬ್ಬರು ದಪ್ಪಗೆ, ಮೆತ್ತಗೆ ಆಗಿತ್ತು. ಒತ್ತಿದ ಬೆರಳಿನ ಗುರುತು ಹಾಗೇ ಉಳಿಯಿತು.

ನನಗೆ ಮೊದಲು ಸಾವಕ್ಕನ ನೂಲಿನ ಮೇಲೆ ಅನುಮಾನ ಬಂತು. ಮಗ್ಗದ ಎಣ್ಣೆ ಬಿದ್ದ ವೇಸ್ಟು ಕೊಟ್ಟಿರಬೇಕು.

"ಸಾವಕ್ಕಾ, ಆ ನೂಲಿಗಿ ಎಣ್ಣಿ ಹತ್ತಿತ್ತೇನ?"

"ಯಾಕ? ರಾಕ್ಷಸಗ ಹೊಟ್ಟಿ ಕೆಟ್ಟಿತೇನ?" ಎಂದು ಶುರುಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು. "ಇಲ್ಲ ಬೇ. ಹಾಲಿನಂಥಾ ನೂಲ ಆರಿಸಿ ಕೊಟ್ಟೇನಿ. ನೀನ ಮೂಸಿ ನೋಡ."

ಮೂಸಿ ನೋಡು ಎಂದಳಲ್ಲ, ಮೇಲೆ ಹೋಗಿ ಮೂಸಿದೆ. ನೂಲನ್ನಲ್ಲ, ನೆತ್ತಿಯನ್ನು. ಕೊಬ್ಬರಿ ಎಣ್ಣೆ, ಅದರೊಳಗೆ ಮೆಂತ್ಯ.

ಯಾರು ಎಂದು ತಿಳಿಯಿತು. ಹೇಗೆ ಮತ್ತು ಯಾಕೆ ಎಂದು ತಿಳಿಯಲಿಲ್ಲ. ಸಿಟ್ಟು ಮಾಡಲಿಕ್ಕೂ ಶಕ್ತಿ ಬೇಕು. ಕಪಾಟಿನ ಕೀಲಿಯನ್ನು ಕಾಳಿನ ಡಬ್ಬಿಯಿಂದ ತೆಗೆದು ಪುಸ್ತಕಗಳ ಹಿಂದೆ ಇಟ್ಟೆ, ಅಷ್ಟು ಮಾಡಿದೆ.

ಮುಂದಿನ ಸೋಮವಾರ ಕಾಲೇಜಿನಲ್ಲಿ ಹಿರಿಯ ಅಧ್ಯಾಪಕರೊಬ್ಬರು ತೀರಿಕೊಂಡ ಸುದ್ದಿ ಬಂದು ಮಧ್ಯಾಹ್ನವೇ ಬಿಟ್ಟರು. ಮನೆಗೆ ಬಂದರೆ ಮುಂಬಾಗಿಲು ಚಿಲಕವಿಲ್ಲದೆ ಬರೀ ಮುಂದಕ್ಕೆ ಎಳೆದಿತ್ತು. ಅಡಿಗೆ ಮನೆಯಲ್ಲಿ ಅತ್ತೆ ಇರಲಿಲ್ಲ. ಮೆಟ್ಟಿಲ ಬುಡದಲ್ಲಿ ಅವರ ಚಪ್ಪಲಿ ಇದ್ದವು.

ಮೇಲೆ ಬಾಗಿಲು ತೆರೆದಿತ್ತು. ಅತ್ತೆ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದರು. ಚಾಚಿದ ಕಾಲುಗಳ ನಡುವೆ ಕೋನಿನ ಸಮೇತ ಚಿದಾನಂದರ ತಲೆ. ಪಕ್ಕದಲ್ಲಿ ಸ್ಟೀಲಿನ ಬಟ್ಟಲು. ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ನೆತ್ತಿಯ ನಡುವೆ ತಟ್ಟುತ್ತಿದ್ದರು, ಕೂಸಿಗೆ ತಟ್ಟುವ ಹಾಗೆ. ಒಂದು ಹನಿ ಹಣೆಗೆ ಇಳಿಯಿತು. ಸೆರಗಿನ ತುದಿಯಿಂದ ಒರೆಸಿದರು.

"ಕಣ್ಣ ಮುಚ್ಚ. ಎಣ್ಣಿ ಇಳ್ಯಾಕತ್ತೈತಿ" ಎಂದರು. ನನಗಲ್ಲ.

ಆಮೇಲೆ ನನ್ನನ್ನು ನೋಡಿದರು. ಗಾಬರಿಯಾಗಲಿಲ್ಲ.

"ಲಗೂ ಬಂದಿ?"

"ಬಿಟ್ರು."

"ಉಂಡೀ?"

"ಅತ್ತಿ, ಮೆಟ್ಟಲಾ ಹೆಂಗ ಏರಿದ್ರಿ?"

"ಕುಂತ್ ಕುಂತ್ ಏರಿದೆ. ಹೊಳ್ಳಿ ಇಳೀವಾಗೂ ಹಂಗ. ಇಳಿಯೂದ ಬಾಳ ತ್ರಾಸ."

"ಕೀಲಿ?"

"ಪುಸ್ತಕದ ಹಿಂದ ಇಟ್ರ ನನಗ ಸಿಗೂದಿಲ್ಲಂತ ಮಾಡಿ? ಓದಾಕ ಬರೂದಿಲ್ಲ, ಧೂಳ ಹೊಡ್ಯಾಕ ಬರತೈತಿ."

ನಾನು ಹೊಸ್ತಿಲಲ್ಲೇ ಕುಳಿತೆ. ಅವರು ಕೈ ನಿಲ್ಲಿಸಲಿಲ್ಲ.

"ಬಟ್ಟಿ ಒಣ ಹಾಕಾಕ ನೀ ಮರತಿದ್ದಿ, ಆವಾಗ ಏರಿದ್ದೆ. ಕಪಾಟ ತಗದಿತ್ತು. ನೋಡತೇನಿ, ಒಳಗ ಕುಂತಾನ. ಹುಟ್ಟಿದಾಗ ಇದ್ದಂಗ ಬೋಳ ತಲಿ." ಮತ್ತೆ ಅಂಗೈಗೆ ಎಣ್ಣೆ ಹಾಕಿಕೊಂಡು ಹೇಳಿದರು: "ದವಾಖಾನ್ಯಾಗಿಂದ ತಂದ್ರಲ್ಲ, ತಲಿತುಂಬ ಪಟ್ಟಿ ಸುತ್ತಿದ್ರು. ಕುಂಡ್ರಿಸಿ ನೀರ ಹಾಕುವಾಗ ಹಿರ್ಯಾರು, ತಲಿಗಿ ಬ್ಯಾಡ್ರಿ, ಪಟ್ಟಿ ತೊಯ್ತೈತಿ ಅಂದ್ರು. ಹೆಗಲಿಗಿ ಹಾಕಿ ಮುಗಿಸಿದ್ರು. ಓಣ್ಯಾಗಿನ ಅಷ್ಟೂ ಕೂಸಿನ ನೆತ್ತಿಗಿ ಎಣ್ಣಿ ಒತ್ತೀನಿ ನಾ. ನನ್ನ ಕೂಸಿಗಿ ಕಡೀಕ ಒಂದ ಹನಿ ಆಗ್ಲಿಲ್ಲ."

ಆ ದಿನ ನಾನು ಅಲ್ಲೇ ಇದ್ದೆ. ಪಟ್ಟಿ ನೋಡಿದ್ದೆ. ಅತ್ತೆಯ ಕೈಯಲ್ಲಿ ಬಟ್ಟಲು ಇದ್ದದ್ದು ಈಗ ನೆನಪಾಯಿತು. ಅವರು ಅದನ್ನು ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದರು. ಆಮೇಲೆ ಅದನ್ನು ಎಲ್ಲಿಟ್ಟರೋ.

ಇಷ್ಟು ಕೇಳಿದ ಮೇಲೂ ನನಗೆ ಬೇರೆ ಏನೂ ಹೊಳೆಯಲಿಲ್ಲ. ಇದ್ದ ವಿಷಯ ಹೇಳಿದೆ.

"ಅತ್ತಿ, ಇದು ರಬ್ಬರ. ಎಣ್ಣಿ ಕುಡದ್ರ ಉಬ್ಬತೈತಿ. ಆಮ್ಯಾಲ ಅಂಟ ಆಗಿ ಕರಗತೈತಿ. ನೆತ್ತಿ ಆಗಲೇ ಹೋಗೇತಿ, ನೋಡ್ರಿ."

ಅವರು ನೋಡಿದರು.

"ಮಾರಿ?"

"ಮಾರಿಗಿ ಇನ್ನಾ ಬಂದಿಲ್ಲ. ಎಣ್ಣಿ ಒಳಗಿಂದೊಳಗ ಇಳಕೊಂತ ಹೋಗತೈತಿ. ಮಾರಿನೂ ಹೋಗತೈತಿ."

ಅತ್ತೆ ಎರಡೂ ಕೈ ಮೇಲೆತ್ತಿದರು. ಎಣ್ಣೆಯ ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡರು. ನಾನು ಬಟ್ಟೆ ಕೊಟ್ಟೆ. ಒರೆಸಿಕೊಂಡು, ಗೋಡೆ ಹಿಡಿದು ಎದ್ದು, ಮೆಟ್ಟಿಲ ಮೇಲೆ ಕುಳಿತು ಒಂದೊಂದೇ ಮೆಟ್ಟಿಲು ಇಳಿದು ಹೋದರು. ಬಟ್ಟಲು ಮೇಲೆಯೇ ಉಳಿಯಿತು.

ನಾನು ಒಣ ಬಟ್ಟೆ ಒತ್ತಿ ಎಣ್ಣೆ ಹೀರಿಸಿದೆ. ಪೌಡರು ಹಾಕಿದೆ. ಮೇಲಿನದು ಬಂತು, ಒಳಗೆ ಹೋದದ್ದು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು.

ಆಮೇಲೆ ಅತ್ತೆ ಮೇಲೆ ಬರಲಿಲ್ಲ. ಅಷ್ಟೇ ಆಗಿದ್ದರೆ ಸರಿ ಇತ್ತು. ಅವರು ತಮ್ಮ ತಲೆಗೂ ಎಣ್ಣೆ ಹಚ್ಚುವುದು ಬಿಟ್ಟರು. ಕೂದಲು ನಾರಿನ ಹಾಗೆ ನಿಂತವು. ಅಡಿಗೆ ಮನೆಯ ಗೂಡಿನಲ್ಲಿ ಎಣ್ಣೆಯ ಬಾಟಲಿಯ ಮೇಲೆ ಧೂಳು ಕೂತಿತು. ಊಟಕ್ಕೆ ಬಡಿಸುವಾಗ ರೊಟ್ಟಿಯನ್ನು ಸೌಟಿನಿಂದ ಎತ್ತಿ ಹಾಕತೊಡಗಿದರು.

ಸಾವಕ್ಕನ ಮಗಳು ಉಮಾಶ್ರೀ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ಅತ್ತೆಯನ್ನು ಕರೆದರು, ಹೋಗಲಿಲ್ಲ. ಮತ್ತೆ ಕರೆದರು. ಮೊಣಕಾಲು ನೋವು ಎಂದರು. ಮೂರನೆಯ ಸಲ ಸಾವಕ್ಕ ತಾನೇ ಬಂದು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಏನ ಅಂದೀ ನೀ ಆಕಿಗಿ?"

"ಏನೂ ಅಂದಿಲ್ಲ."

"ಏನೂ ಅನ್ನದ ಆಕಿ ಹಂಗ ಆಗ್ಯಾಳ? ಕೂಸಿಗಿ ಎರಿಯಾಕ ಬಾ ಅಂದ್ರ, ನನ್ನ ಕೈ ಛಲೋ ಅಲ್ಲ, ಮುಟ್ಟಿದ್ದೆಲ್ಲಾ ಕರಗತೈತಿ ಅಂತಾಳ. ನನಗ ಎದಿ ಝಲ್ ಅಂತು. ನೀ ಸಾಲಿ ಕಲತಾಕಿ. ಏನರ ಒಂದ ಹೇಳಿ ಆಕಿ ಹುಚ್ಚ ಬಿಡಸ."

ನಾನು ರಸಾಯನಶಾಸ್ತ್ರ ಹೇಳಿದ್ದೆ. ಅದು ಸುಳ್ಳಲ್ಲ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಆ ರಾತ್ರಿ ಊಟದ ಹೊತ್ತಿಗೆ, "ಅತ್ತಿ, ರಬ್ಬರಿಗಷ್ಟ ಹಂಗ ಆಗತೈತಿ. ಚರ್ಮಕ್ಕ ಏನೂ ಆಗೂದಿಲ್ಲ" ಎಂದೆ.

"ಗೊತ್ತೈತಿ" ಎಂದರು. "ಗೊತ್ತಾದ್ರ ಏನ, ಕೈ ಏಳೂದಿಲ್ಲ."

ಮಹಾನವಮಿ ಅಮಾವಾಸ್ಯೆಗೆ ಕಪಾಟು ತೆರೆದೆ. ಉಬ್ಬು ನೆತ್ತಿಯಿಂದ ಹಣೆಯ ಮೇಲ್ಭಾಗಕ್ಕೆ ಇಳಿದಿತ್ತು. ಹಣೆಯ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು. ಹೀಗೇ ಬಿಟ್ಟರೆ ಹುಬ್ಬು, ಆಮೇಲೆ ಕಣ್ಣು. ತಡೆಯಲು ಒಂದೇ ದಾರಿ. ಎಣ್ಣೆ ಕುಡಿದ ಭಾಗವನ್ನು ಕತ್ತರಿಸಿ ಬೇರೆ ಮಾಡಬೇಕು. ಇಂಥ ಕೆಲಸ ಚಿದಾನಂದ ಮಾಡಿದ್ದರು. ಜೋಕರ್‌ನ ಕೊಳೆತ ಕುತ್ತಿಗೆಯನ್ನು ಹಾಗೆಯೇ ತೆಗೆದಿದ್ದರು.

ದೀಪಾವಳಿಗೆ ಮುಂಚೆ ಜ್ಞಾನೇಶ್ವರ ಮುಖವಾಡ ಒಯ್ಯುವ ಡಬ್ಬಿಗಳಿಗೆ ಅಳತೆ ತೆಗೆದುಕೊಳ್ಳಲು ಬಂದ. ಅವನನ್ನು ಮೇಲೆ ಕರೆದುಕೊಂಡು ಹೋಗಿ ಕಪಾಟು ತೆರೆದು ತೋರಿಸಿದೆ. ಅವನು ಆ ಮುಖವನ್ನು ಅಚ್ಚು ತೆಗೆದ ವರ್ಷದ ಮೇಲೆ ನೋಡಿರಲಿಲ್ಲ.

"ಕೊಯ್ದು ತಗೀಬೇಕು" ಎಂದೆ. "ಹುಬ್ಬಿನ ಮ್ಯಾಲೆ, ಈ ಗೆರಿ ಹಿಡಕೊಂಡು. ನೀವ ಮಾಡಿ ಕೊಡ್ರಿ. ನಿಮ್ಮ ಕೈ ನೆಟ್ಟಗೈತಿ."

ಅವನು ಕತ್ತರಿ ತೆಗೆದುಕೊಂಡ. ಒಂದು ಕೈಯಿಂದ ಗಲ್ಲ ಹಿಡಿದ. ಕತ್ತರಿಯನ್ನು ಹಣೆಯ ಹತ್ತಿರ ತಂದ. ಮತ್ತೆ ಕೆಳಗಿಟ್ಟ.

"ಲೇ, ನೋಡಬ್ಯಾಡಲೇ ಹಂಗ" ಎಂದ ಮುಖವಾಡಕ್ಕೆ. ಆಮೇಲೆ ನನಗೆ, "ವೈನಿ, ರಾಕ್ಷಸಂದು ಹೇಳ್ರಿ, ಕೋಡ ಸುದ್ದಾ ಕೊಯ್ದ ಕೊಡತೇನಿ. ಇದು ನನ್ನ ಕೈಲಿ ಆಗೂದಿಲ್ಲ. ದವಾಖಾನ್ಯಾಗ ಅವನ ಸಂಗಾಟ ಒಳಗ ಇದ್ದಾಂವ ನಾ."

ಅವನು ಕೆಳಗೆ ಹೋಗಿ ಅತ್ತೆಯ ಹತ್ತಿರ ಕುಳಿತು ಚಹಾ ಕುಡಿದ. ಅವರು ಚಹಾದ ಬಸಿಯನ್ನು ಇಕ್ಕಳದಿಂದ ಹಿಡಿದು ಕೊಟ್ಟರಂತೆ.

ಅವನು ಹೋದ ಮೇಲೆ ನಾನು ಮೇಲೆ ಹೋದೆ. ಸಂಜೆಯ ಬೆಳಕಿತ್ತು. ಪಕ್ಕದ ಮಗ್ಗ ಓಡುತ್ತಿತ್ತು. ಕತ್ತರಿಯ ಅಲಗನ್ನು ಸೋಪಿನ ನೀರಿನಲ್ಲಿ ಅದ್ದಿದೆ. ಒದ್ದೆಯಿದ್ದರೆ ರಬ್ಬರು ಹಿಡಿಯುವುದಿಲ್ಲ. ಎಡಗಿವಿಯ ಮೇಲಿನಿಂದ ಶುರುಮಾಡಿದೆ. ಲ್ಯಾಟೆಕ್ಸು ಕತ್ತರಿಸುವಾಗ ಸದ್ದಾಗುವುದಿಲ್ಲ. ಅದಕ್ಕೆ ನಾನು ಸಿದ್ಧಳಿರಲಿಲ್ಲ. ಸದ್ದು ಬರುತ್ತದೆ ಎಂದುಕೊಂಡು ಹಲ್ಲು ಕಚ್ಚಿದ್ದೆ. ಹಣೆಯ ಬಿರುಕಿನ ಕೆಳಗೆ ಒಂದು ಬೆರಳು ಜಾಗ ಬಿಟ್ಟು, ಹುಬ್ಬಿಗೆ ತಾಗದ ಹಾಗೆ, ಬಲಗಿವಿಯವರೆಗೆ ಹೋದೆ. ಹಿಂದೆ ಕುತ್ತಿಗೆಯ ಮೇಲಿನಿಂದ ಸುತ್ತಿ ಎಡಗಿವಿಗೆ ತಂದು ಕೂಡಿಸಿದೆ.

ಎರಡು ಭಾಗವಾಯಿತು. ಒಂದು ಮುಖ. ಇನ್ನೊಂದು ಟೊಪ್ಪಿಗೆಯಂಥ ನೆತ್ತಿ.

ಕೊಳೆತ ಭಾಗವನ್ನು ಚಿದಾನಂದ ಕಸಕ್ಕೆ ಹಾಕುತ್ತಿದ್ದರು. ನಾನೂ ಹಾಕಲು ಎತ್ತಿಕೊಂಡೆ. ಅಂಗೈ ತುಂಬಿತು. ಮೆತ್ತಗೆ, ಎಣ್ಣೆ ಎಣ್ಣೆಯಾಗಿ, ಕೈಯ ಶಾಖಕ್ಕೆ ಸ್ವಲ್ಪ ಬೆಚ್ಚಗೆ. ನಡುವೆ ಅತ್ತೆಯ ಅಂಗೈ ತಟ್ಟಿ ತಟ್ಟಿ ಒಂದು ತಗ್ಗು ಬಿದ್ದಿತ್ತು. ಕಸದ ಬುಟ್ಟಿಯ ಮುಂದೆ ನಿಂತೆ. ಆಮೇಲೆ ಅದನ್ನು ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟೆ.

ಆ ವರ್ಷ ನಮಗೆ ಹಬ್ಬವಿರಲಿಲ್ಲ. ಸೂತಕದ ವರ್ಷ. ತಿಂಡಿ ಕರಿಯಲಿಲ್ಲ, ದೀಪ ಹಚ್ಚಲಿಲ್ಲ. ನೀರೆರೆದುಕೊಳ್ಳುವ ದಿನ ಬೆಳಗಾಗುವ ಹೊತ್ತಿಗೆ ಓಣಿಯ ಎಲ್ಲ ಮನೆಗಳಿಂದ ಹೊಗೆ ಏಳುತ್ತಿತ್ತು. ಪಕ್ಕದ ಮನೆಯಲ್ಲಿ ಕೂಸು ಅಳುತ್ತಿತ್ತು. ಸಾವಕ್ಕ ತಾನೇ ಎರೆಯಲು ಕುಳಿತು ಯಾರನ್ನೋ ಬೈಯುತ್ತಿದ್ದಳು.

ನಾನು ನೀರು ಕಾಯಿಸಿದೆ. ಗೂಡಿನ ಬಾಟಲಿ ಒರೆಸಿ, ಎಣ್ಣೆಯನ್ನು ಸ್ಟೀಲಿನ ಬಟ್ಟಲಿಗೆ ಹಾಕಿ ಬೆಚ್ಚಗೆ ಮಾಡಿದೆ. ಬಟ್ಟೆಯ ಗಂಟು ತಂದೆ. ಅತ್ತೆ ಹಿತ್ತಲ ಬಾಗಿಲಲ್ಲಿ ಕುಳಿತಿದ್ದರು. ಅವರ ಮುಂದೆ ಬಟ್ಟಲು ಇಟ್ಟು ಗಂಟು ಬಿಚ್ಚಿದೆ.

ಅವರು ಹಿಂದೆ ಸರಿದರು. "ಏನಿದು?"

"ನೆತ್ತಿ."

"ಕೊಯ್ದಿ?"

"ಹೂಂ. ಮಾರಿ ಬ್ಯಾರೆ ತಗದೇನಿ. ಮಾರಿ ನನ್ನ ಕಡೆ ಇರಲಿ. ಇದು ನಿಮ್ಮದು. ಇದಕ್ಕ ಎಷ್ಟರ ಹಚ್ಚರಿ. ಮಾರಿಗಿ ಏನೂ ಆಗೂದಿಲ್ಲ."

"ಇದು ಕರಗತೈತಲ್ಲ?"

"ಕರಗತೈತಿ."

ಅವರು ಅದನ್ನೇ ನೋಡುತ್ತ ಕುಳಿತರು. ನಾನು ಕರಗುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಪಕ್ಕದ ಮನೆಯ ಕೂಸು ಅಳುತ್ತಲೇ ಇತ್ತು.

"ಪಟ್ಟಿ ಇಲ್ಲ ಈಗ" ಎಂದೆ.

ಅತ್ತೆ ಕಾಲು ಚಾಚಿದರು. ಒಂದು ಮೊಣಕಾಲು, ಆಮೇಲೆ ಇನ್ನೊಂದು. ನೆತ್ತಿಯನ್ನು ತಮ್ಮ ಎಡ ಅಂಗೈ ಮೇಲೆ ಬೋರಲು ಕೂರಿಸಿಕೊಂಡರು. ಬಲಗೈಯನ್ನು ಎಣ್ಣೆಯಲ್ಲಿ ಅದ್ದಿ, ನಡುವಿನ ತಗ್ಗಿಗೆ ಒತ್ತಿ, ತಟ್ಟಿದರು. ಹಣೆ ಕೊಯ್ದ ಕಡೆ ಎಣ್ಣೆ ಇಳಿದು ಅವರ ಮಣಿಕಟ್ಟಿಗೆ ಬಂತು. ಸೆರಗಿನಿಂದ ಒರೆಸಲು ಹೋಗಿ ನಿಂತರು, ಒರೆಸಬೇಕಾದ ಕಣ್ಣು ಅಲ್ಲಿರಲಿಲ್ಲ. ಎಣ್ಣೆ ಇಳಿಯಲಿ ಎಂದು ಬಿಟ್ಟರು. ನಾನು ತಂಬಿಗೆಯಿಂದ ಬೆಚ್ಚನೆಯ ನೀರು ಸಣ್ಣಗೆ ಹಾಕಿದೆ. ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ನೀರು ಹರಿದು, ಅದರ ಕೆಳಗೆ ಇಳಿಯಿತು.

"ಸಾಕು" ಎಂದರು. ಬಿಳಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಅಂಗೈಯಲ್ಲಿ ಇನ್ನೂ ಎಣ್ಣೆ ಇತ್ತು. ಅದನ್ನು ನೋಡಿಕೊಂಡರು.

"ಬಾ ಇಲ್ಲೆ."

"ನನಗ ಬ್ಯಾಡ್ರಿ."

"ಬಾ ಅಂದ್ರ. ತಲಿ ನೋಡ, ಕಸಬರಗಿ ಆಗೇತಿ. ಎಣ್ಣಿ ಚಲ್ಲತಾರೇನ?"

ಅವರ ಮುಂದೆ ಬೆನ್ನು ಮಾಡಿ ಕುಳಿತೆ. ಅವರ ಕೈ ನನ್ನ ನೆತ್ತಿಯ ಮೇಲೆ ಬಿತ್ತು, ಭಾರವಾಗಿ. ತಟ್ಟಿದರು. ತಟ್ಟಿದಾಗಲೆಲ್ಲ ನನ್ನ ತಲೆ ಸ್ವಲ್ಪ ಮುಂದೆ ಹೋಗಿ ಹಿಂದೆ ಬಂತು. ಒಂದು ಹನಿ ಹಣೆಗೆ ಇಳಿಯಿತು.

"ಕಣ್ಣ ಮುಚ್ಚ" ಎಂದರು.

ಮುಚ್ಚಿದೆ.

ಗೋಡೆಯ ಆಚೆಯಿಂದ ಸಾವಕ್ಕನ ದನಿ ಬಂತು. "ತಂಗೆಕ್ಕಾ, ಹೊಗಿ ಬರಾಕತ್ತೈತಿ ನಿಮ್ಮ ಹಿತ್ತಲದಾಗ. ಎರಕೊಳ್ಳಾಕತ್ತೀರೇನ?"

ಅತ್ತೆಯ ಕೈ ನನ್ನ ತಲೆಯ ಮೇಲೆಯೇ ಇತ್ತು.

"ಆ ಕೂಸಿನ ಚೀರಸಬ್ಯಾಡ ಬೇ" ಎಂದರು. "ಕೈಯಾಗ ಹಿಡಕೊಂಡ ಕುಂತೀಯೋ ಜೋತ ಬಿಟ್ಟೀಯೋ. ಇಲ್ಲೆ ತಗೊಂಡ ಬಾ."

ಅದು ಅಮಾವಾಸ್ಯೆಯ ಹಿಂದಿನ ದಿನ. ಮರುದಿನ ಮಗ್ಗಗಳು ನಿಂತವು. ನಾನು 'ಕಪಾಟು ತೆರೆಯಬೇಕು' ಎಂದು ಮೇಲೆ ಹೋದೆ. ತಲೆಯಿಂದ, ಕೈಯಿಂದ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಈ ಕೈಯಿಂದ ಆ ಮುಖವನ್ನು ಮುಟ್ಟುವಂತಿಲ್ಲ. ಕೀಲಿ ಹಾಕಿಯೇ ಇದ್ದ ಕಪಾಟಿನ ಮುಂದೆ ಸ್ವಲ್ಪ ಹೊತ್ತು ಕುಳಿತೆ. ಕೆಳಗೆ ಅತ್ತೆ ಕೂಸಿಗೆ ನೀರೆರೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಇಳಿದು ಬಂದೆ.